ಎರಡು ಮೋಟಾರ್ ಹಾಕಿದ್ರೆ ವಿಮಾನ ಬೀಳಲ್ಲ ಅಲ್ವಾ ಮೇಷ್ಟ್ರೇ?

ಪ್ರಶ್ನೆ: ನನ್ನ ಹತ್ತಿರ ರಿಮೋಟಿನಲ್ಲಿ ಹಾರಿಸುವ ಒಂದೇ ಮೋಟಾರಿನ ಮಾಡೆಲ್ ವಿಮಾನದ ಕಿಟ್ ಇದೆ, ಹಗುರವಾದ ಬಾಲ್ಸಾ ಮರದ್ದು, ಕಲಿಯುವವರ ಟ್ರೇನರ್. ರೆಕ್ಕೆ ಒಂದೂವರೆ ಮೀಟರ್, ತೂಕ ಸುಮಾರು 2 ಕಿಲೋ. ಇದಕ್ಕೆ ಎರಡು ಮೋಟಾರ್ ಕೂರಿಸಬಹುದಾ? ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ಇಳಿಸಬಹುದಲ್ಲ?

ಉತ್ತರ: ಕೂರಿಸಬಹುದು. ಆದರೆ ಇನ್ನೊಂದರಲ್ಲಿ ಇಳಿಸುವ ಕನಸು ಬೇಡ. ರಾಗಿ ಕೊಯ್ಲು ಮುಗಿದು ಹಾಸನದ ಸುತ್ತಮುತ್ತ ಹೊಲ ಖಾಲಿಯಾಯಿತೆಂದರೆ ಈ ಪ್ರಶ್ನೆ ಬಂತೆಂದೇ ಲೆಕ್ಕ. ಹೋದ ವರ್ಷದ ಉತ್ತರವನ್ನೇ ಈ ವರ್ಷವೂ ಕೊಡುತ್ತಿದ್ದೇನೆ.

ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಡಿಯಲ್ಲಿ ಎಡದ ಎತ್ತು ಮಲಗಿತು ಅಂತಿಟ್ಟುಕೊಳ್ಳಿ. ಬಲದ್ದನ್ನು ಗದರಿಸಿದರೆ ಗಾಡಿ ನೆಟ್ಟಗೆ ಮನೆಗೆ ಹೋಗುತ್ತದೆಯೇ? ಎಡಕ್ಕೆ ತಿರುಗಿ ಚರಂಡಿಗೆ ಇಳಿಯುತ್ತದೆ. ವಿಮಾನದಲ್ಲೂ ಹೀಗೆಯೇ. ಎಡದ ಮೋಟಾರ್ ನಿಂತರೆ ಬಲದ್ದು ಮೂಗನ್ನು ಎಡಕ್ಕೆ ತಳ್ಳುತ್ತದೆ. ಆಗ ಬಲ ರೆಕ್ಕೆ ವೇಗವಾಗಿ ಸಾಗಿ ಮೇಲೇಳುತ್ತದೆ, ಎಡ ರೆಕ್ಕೆ ನಿಧಾನವಾಗಿ ಕುಸಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ವಿಮಾನ ಬೆನ್ನು ಕೆಳಗೆ ಮಾಡಿರುತ್ತದೆ.

ಮೂಗನ್ನು ಎಡಬಲಕ್ಕೆ ತಿರುಗಿಸಲು ಬಾಲದಲ್ಲಿ ರಡ್ಡರ್ ಇದೆಯಲ್ಲ, ಅಂತೀರಿ. ರಡ್ಡರಿನ ಬಲ ಗಾಳಿಯ ವೇಗದ ವರ್ಗದ ಮೇಲೆ ನಿಂತಿದೆ. ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಮೋಟಾರ್ ಮಾತ್ರ ನಿಧಾನ ವೇಗದಲ್ಲೇ ಜೋರಾಗಿ ಎಳೆಯುವುದು. ಹಾಗಾಗಿ ಆಗತಾನೇ ನೆಲ ಬಿಟ್ಟು ಫುಲ್ ಥ್ರಾಟಲ್‌ನಲ್ಲಿ ಏರುವಾಗ ಒಂದು ನಿಂತರೆ ಕಥೆ ಮುಗಿದಂತೆ. ಗಾಬರಿಯಲ್ಲಿ ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಪಟ್ಟಿ) ತಿರುಗಿಸಿದರೆ ಕುಸಿಯುತ್ತಿರುವ ಕಡೆಯೇ ಗಾಳಿ ಹಿಂದಕ್ಕೆ ಹಿಡಿದೆಳೆಯುವ ಎಳೆತ ಹೆಚ್ಚಿ ಇನ್ನೂ ಕೆಡುತ್ತದೆ.

ಶಕ್ತಿಯ ಲೆಕ್ಕವನ್ನೂ ನೋಡಿ. ನಿಮ್ಮ ವಿಮಾನ ಮಟ್ಟಸವಾಗಿ ಹಾರಲು ಅಂದಾಜು 120 ವ್ಯಾಟ್ ಸಾಕು ಅಂದುಕೊಳ್ಳೋಣ. ಎರಡೂ ಮೋಟಾರ್ ಸೇರಿ 400 ಕೊಟ್ಟರೆ ಏರಲು 280 ಉಳಿಯುತ್ತದೆ. ಒಂದು ನಿಂತರೆ ಉಳಿಯುವುದು 140 ಅಲ್ಲ, 80. ಓರೆಯಾಗಿ ಹಾರುವ ಎಳೆತ ಅದರಲ್ಲೂ ಪಾಲು ಕೇಳುತ್ತದೆ. ಜೊತೆಗೆ ಮೋಟಾರ್ ಎರಡು, ಅವುಗಳ ವೇಗ ನಿಯಂತ್ರಿಸುವ ಇಎಸ್‌ಸಿ ಎರಡು, ಬೆಸುಗೆಯೂ ಎರಡರಷ್ಟು ಅಂದಮೇಲೆ ಯಾವುದಾದರೊಂದು ಕೈಕೊಡುವ ಸಾಧ್ಯತೆಯೂ ಹೆಚ್ಚುಕಮ್ಮಿ ಎರಡರಷ್ಟೇ.

ನನ್ನ ಮೊದಲ ಜೋಡಿ ಮೋಟಾರಿನ ವಿಮಾನ ತೆಂಗಿನಮರದೆತ್ತರಕ್ಕೆ ಏರಿತ್ತು. ನಾನೇ ಸೋಮಾರಿತನದಿಂದ ಹಾಕಿದ ಬೆಸುಗೆ ಬಿಟ್ಟಿತು. ಮಕ್ಕಳಿಗೆ ಇಷ್ಟೆಲ್ಲ ಪಾಠ ಹೇಳಿದವನು ಥ್ರಾಟಲ್ ಇನ್ನೂ ಒತ್ತಿದೆ. ವಿಮಾನ ಮಗುಚಿ ನೇರವಾಗಿ ರಾಗಿಹುಲ್ಲಿನ ಬಣವೆಗೆ ಹೊಕ್ಕಿತು. "ಬಣವೆ ಕೆಡಿಸಿದ್ರಲ್ಲ ಮೇಷ್ಟ್ರೇ" ಅಂದರು ಹೊಲದವರು. ಮಾಡಬೇಕಿದ್ದುದು ಒಂದೇ: ಥ್ರಾಟಲ್ ಪೂರ್ತಿ ಇಳಿಸಿ, ಮೂಗು ತಗ್ಗಿಸಿ, ಗ್ಲೈಡರಿನಂತೆ ಎದುರಿಗೆ ಇಳಿಸುವುದು. ಅಂದರೆ ಒಂದು ನಿಂತಾಗ ಇನ್ನೊಂದನ್ನೂ ನೀವೇ ನಿಲ್ಲಿಸುತ್ತೀರಿ. ಒಂದೇ ಮೋಟಾರ್ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದಿರಿ!

ಹಾಗಾದರೆ ಯಾಕೆ ಮಾಡಬೇಕು? ನೋಡಲು ಚೆಂದ, ಆ ಜೋಡಿ ಸದ್ದು ಇನ್ನೂ ಚೆಂದ. ನನಗಂತೂ ಅಷ್ಟು ಸಾಕು.

ಕೆಲಸಕ್ಕೆ ಬರೋಣ. 400 ವ್ಯಾಟಿನ ಒಂದರ ಬದಲು 200ರ ಎರಡು ತನ್ನಿ. 400ರ ಎರಡು ಬೇಡ. 11 ಇಂಚಿನ ಒಂದು ಪ್ರೊಪೆಲ್ಲರಿಗೆ 8 ಇಂಚಿನ ಎರಡು ಸರಿಸಮ. ಪ್ರೊಪೆಲ್ಲರ್ ಬೀಸುವ ಜಾಗ ಅದರ ಅಳತೆಯ ವರ್ಗದ ಲೆಕ್ಕ: ಹನ್ನೊಂದರ ವರ್ಗ 121, ಎಂಟರದ್ದು ಎರಡು ಸಲ 128, ನೀವೇ ಕೂಡಿ ನೋಡಿ. ಪ್ರೊಪೆಲ್ಲರಿನ ತುದಿ ಬಾಡಿಗೆ ತಾಗದಷ್ಟು ಜಾಗ ಬಿಟ್ಟು, ಮೋಟಾರುಗಳನ್ನು ಆದಷ್ಟೂ ಒಳಕ್ಕೆ ಕೂರಿಸಿ. ದೂರವಿಟ್ಟಷ್ಟೂ ತಿರುಚುವ ಬಲ ಹೆಚ್ಚು. ರೆಕ್ಕೆಗೆ ಆಕಾರ ಕೊಡುವ ಬರಿಯ ಬಾಲ್ಸಾ ರಿಬ್ಬಿಗೆ ಮೋಟಾರ್ ಅಂಟಿಸಬೇಡಿ. ಆ ಜಾಗದಲ್ಲಿ ಪ್ಲೈವುಡ್ ರಿಬ್ ಹಾಕಿ, ರೆಕ್ಕೆಯ ಉದ್ದಕ್ಕೂ ತೊಲೆಯಂತಿರುವ ಸ್ಪಾರಿಗೆ ಬಿಗಿಯಾಗಿ ಸೇರಿಸಿ. ಮೂಗಿನ ಮೋಟಾರ್ ಹೋದ ಮೇಲೆ ತೂಕ ಹಿಂದಕ್ಕೆ ಜಾರುತ್ತದೆ, ಬ್ಯಾಟರಿಯನ್ನು ಆ ಖಾಲಿ ಮೂಗಿಗೇ ತಳ್ಳಿ. ಇಎಸ್‌ಸಿ ಎರಡನ್ನೂ ಬ್ಯಾಟರಿಯ ಹತ್ತಿರವೇ ಇಟ್ಟು ಮೋಟಾರಿನ ಕಡೆಯ ತಂತಿಗಳನ್ನು ಉದ್ದ ಮಾಡಿ. ಬ್ಯಾಟರಿ ಕಡೆಯ ತಂತಿ ಉದ್ದವಾದರೆ ಇಎಸ್‌ಸಿಯ ಕೆಪಾಸಿಟರಿಗೆ ಪೆಟ್ಟು. ಒಂದು ಇಎಸ್‌ಸಿಯಿಂದ ರಿಮೋಟಿನ ಸಂಕೇತ ಹಿಡಿಯುವ ರಿಸೀವರಿಗೆ ಹೋಗುವ ಕೆಂಪು ತಂತಿ ತೆಗೆದುಬಿಡಿ, ಅದಕ್ಕೆ ವಿದ್ಯುತ್ ಕೊಡುವ ಬಿಇಸಿ ಎರಡು ಒಟ್ಟಿಗೆ ಬೇಡ. ಮೋಟಾರುಗಳನ್ನು ಎದುರುಬದುರು ತಿರುಗಿಸಬೇಕೆಂದರೆ ಒಂದರ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಅದಕ್ಕೆ ಉಲ್ಟಾ ಪ್ರೊಪೆಲ್ಲರ್ ತರುವುದನ್ನು ಮರೆಯಬೇಡಿ.

ನೀವು ಕೇಳಲಿಲ್ಲ, ಆದರೂ ಇನ್ನೊಂದು ಮಾತು. ಹಾಸನ ಸಮುದ್ರಮಟ್ಟಕ್ಕಿಂತ ಸುಮಾರು 970 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಸಾವಿರದ ಮೇಲೆ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಸುಮಾರು ಶೇ 10ರಷ್ಟು ತೆಳು. ಮಂಗಳೂರಿನ ಗೆಳೆಯರ ಅಳತೆಯ ಪ್ರೊಪೆಲ್ಲರ್ ಹಾಕಿ "ಎಳೀತಿಲ್ಲ" ಅಂತ ಮೋಟಾರನ್ನು ಬೈಯಬೇಡಿ. ಕರೆಂಟ್ ಮೀಟರ್ ಹಿಡಿದು ನೋಡಿ, ಅವಕಾಶವಿದ್ದರೆ ಪಿಚ್ (ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕ) ಅರ್ಧ ಇಂಚು ಏರಿಸಿ. ಇಳಿಯುವ ವೇಗವೂ ಇಲ್ಲಿ ಸುಮಾರು ಶೇ 5 ಜಾಸ್ತಿ. ಅದಕ್ಕೇ ಕಾಫಿ ಕಣದ ಮೇಲೆ ಇಳಿಸುತ್ತೇನೆಂದು ಹೊರಟವರ ವಿಮಾನಗಳು ಸಿಲ್ವರ್ ಓಕ್ ಮರಗಳಲ್ಲಿ ನೇತಾಡುವುದು.