ಬೆರಳು ಆಡುತ್ತಲ್ಲ, ಹಾಗಾದ್ರೆ ಮೂಳೆ ಮುರಿದಿಲ್ಲ ಅಲ್ವಾ?

ಪ್ರಶ್ನೆ: ನಮ್ಮ ಅತ್ತೆಗೆ 62 ವರ್ಷ. ಬಚ್ಚಲಲ್ಲಿ ಜಾರಿ, ಕೈ ಊರಿ ಬಿದ್ದರು. ಮಣಿಕಟ್ಟಿನ ಹತ್ತಿರ ಊದಿಕೊಂಡಿದೆ. ಮೊಣಕೈವರೆಗೂ ಸೆಳೆತ ಇದೆ. ಆದರೆ ಐದೂ ಬೆರಳು ಚೆನ್ನಾಗಿ ಆಡಿಸುತ್ತಾರೆ. ಅಂದರೆ ಮೂಳೆಗೆ ಏನೂ ಆಗಿಲ್ಲ ತಾನೇ? ಎಣ್ಣೆ ಹಚ್ಚಿ ತಿಕ್ಕಿ, ಒಂದು ನಾಟಿ ಕಟ್ಟು ಹಾಕಿಸಿದರೆ ಸಾಕಾ?

ಉತ್ತರ: ಸಾಕಾಗಲ್ಲ. ಎಕ್ಸ್‌ರೇ ಮಾಡಿಸಿ, ಇವತ್ತೇ. ಅಲ್ಲಿಯವರೆಗೆ ಎಣ್ಣೆ ಬೇಡ, ತಿಕ್ಕುವುದಂತೂ ಬೇಡವೇ ಬೇಡ. ಆ ಕೈಯ ಬಳೆ, ಉಂಗುರ ಈಗಲೇ ತೆಗೆಸಿ. ಊತ ಏರಿದ ಮೇಲೆ ತೆಗೆಯಲು ಹೋದರೆ ಕತ್ತರಿಸಬೇಕಾಗುತ್ತದೆ. ಬರಿಗೈಯಲ್ಲಿ ಇರಲ್ಲ ಅಂತ ಹಟ ಹಿಡಿದರೆ ಆ ಬಳೆಗಳನ್ನೂ ಇನ್ನೊಂದು ಕೈಗೇ ಏರಿಸಿ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಅತ್ತೆ ಹೋಗಿ ಮಗ ಆಗುತ್ತಾನೆ, ಬಚ್ಚಲು ಹೋಗಿ ಬೈಕ್ ಆಗುತ್ತದೆ, ಮಣಿಕಟ್ಟು ಹೋಗಿ ಭುಜ ಆಗುತ್ತದೆ. "ಬೆರಳು ಆಡ್ತಾ ಇದೆ" ಅನ್ನುವ ಸಾಲು ಮಾತ್ರ ಬದಲಾಗುವುದಿಲ್ಲ. ನಾನು ಫಿಸಿಯೋಥೆರಪಿ ಮಾಡುವವನು. ಮೂಳೆ ವಕ್ರವಾಗಿ ಕೂಡಿ, ಕೀಲು ಬಿಗಿದುಕೊಂಡ ಮೇಲೆ ನನ್ನ ಹತ್ತಿರ ಬರುತ್ತಾರೆ. ಆಗ ಕೇಳಿದರೆ ಮೊದಲ ವಾಕ್ಯವೇ ಇದು. ಆದ್ದರಿಂದ ಈ ಸಲ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ಪ್ರಯೋಗ. ಬಲಗೈಯನ್ನು ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಎಡಗೈಯಿಂದ ಹಿಡಿದುಕೊಳ್ಳಿ. ಈಗ ಬಲಗೈ ಬೆರಳುಗಳನ್ನು ಮಡಚಿ, ಬಿಡಿಸಿ. ಎಡಗೈ ಕೆಳಗೆ ಏನೋ ಉಬ್ಬಿ ಇಳಿಯುತ್ತದೆ, ಅಲ್ವಾ? ಬೆರಳನ್ನು ಮಡಚುವ ದೊಡ್ಡ ಮಾಂಸಖಂಡಗಳು ಇರುವುದು ಅಲ್ಲೇ. ಬೆರಳಿನೊಳಗೆ ಅದನ್ನು ಮಡಚುವ ಮಾಂಸಖಂಡವೇ ಇಲ್ಲ. ಮುಂಗೈಯಿಂದ ಹೊರಟ ಟೆಂಡನ್‌ಗಳು, ಅಂದರೆ ಮಾಂಸಖಂಡದ ತುದಿಯ ಹಗ್ಗದಂಥ ಎಳೆಗಳು, ಮಣಿಕಟ್ಟು ದಾಟಿ ಬೆರಳಿಗೆ ಹೋಗಿ ಅಂಟಿಕೊಂಡಿವೆ. ಮೇಲಿನ ಮಾಂಸಖಂಡ ಎಳೆದರೆ ಕೆಳಗಿನ ಬೆರಳು ಮಡಚುತ್ತದೆ. ಮಧ್ಯದ ಮೂಳೆ ಬಿರುಕು ಬಿಟ್ಟಿದೆಯೋ ಇಲ್ಲವೋ, ಟೆಂಡನ್ ಅದನ್ನು ಕೇಳುವುದೇ ಇಲ್ಲ. ಸೈಕಲ್ಲಿನ ಫ್ರೇಮ್ ಸೀಳಿದ್ದರೂ ಬ್ರೇಕ್ ವೈರ್ ಸರಿ ಇದ್ದರೆ ಬ್ರೇಕ್ ಹಿಡಿಯುತ್ತದೆ. ಬ್ರೇಕ್ ಹಿಡಿಯಿತು, ಆದ್ದರಿಂದ ಫ್ರೇಮ್ ಗಟ್ಟಿ ಇದೆ ಅನ್ನುತ್ತೀರಾ?

ಮುಂಗೈಯಲ್ಲಿ ಮೂಳೆ ಎರಡು. ಒಂದು ಬಿರುಕು ಬಿಟ್ಟರೆ ಇನ್ನೊಂದು ಆಸರೆ ಕೊಡುತ್ತದೆ. ಮಣಿಕಟ್ಟಿನ ಹತ್ತಿರ ಮುರಿದಾಗ ಎಷ್ಟೋ ಸಲ ಮುರಿದ ತುದಿಗಳು ಒಂದರೊಳಗೊಂದು ಹೂತು ಕೂತುಬಿಡುತ್ತವೆ. ಆಗ ಬೆರಳು ಆಡಿಸುವುದಿರಲಿ, ಕಾಫಿ ಲೋಟವನ್ನೂ ಎತ್ತಬಹುದು. ಇನ್ನು ಕಾಲರ್ ಬೋನ್ (ಕುತ್ತಿಗೆಯ ಬುಡದಿಂದ ಭುಜಕ್ಕೆ ಹೋಗುವ ಮೂಳೆ) ಮುರಿದವರು ಎಕ್ಸ್‌ರೇ ರೂಮಿನ ಮುಂದೆ ಕೂತು ಅದೇ ಕೈಯಲ್ಲಿ ಮೊಬೈಲ್ ಒತ್ತುತ್ತಾ ಇರುತ್ತಾರೆ. ಆ ಮೂಳೆಗೂ ಬೆರಳಿಗೂ ಎತ್ತಣಿಂದೆತ್ತ ಸಂಬಂಧ?

ಈ ನಂಬಿಕೆ ಎಲ್ಲಿಂದ ಹುಟ್ಟಿತು? ನನ್ನ ಅನುಮಾನ ಡಾಕ್ಟರ್‌ಗಳ ಮೇಲೇ. ಪೆಟ್ಟಾದ ಕೈ ನೋಡಿದ ಕೂಡಲೇ ಅವರು "ಬೆರಳು ಆಡಿಸಿ" ಅನ್ನುತ್ತಾರೆ. ಆಡಿಸಿದರೆ "ಗುಡ್" ಅನ್ನುತ್ತಾರೆ. ಪಕ್ಕದಲ್ಲಿ ನಿಂತವರು ಮೂಳೆ ಪಾಸಾಯಿತು ಅಂದುಕೊಳ್ಳುತ್ತಾರೆ. ಡಾಕ್ಟರ್ ನೋಡುತ್ತಿದ್ದುದು ನರಗಳನ್ನು. ಹೆಬ್ಬೆರಳು ಮೇಲೆತ್ತಲು ಹೇಳಿದರೆ ಒಂದು ನರದ ಪರೀಕ್ಷೆ. ಹೆಬ್ಬೆರಳು, ತೋರುಬೆರಳಿನ ತುದಿ ಸೇರಿಸಿ ಸೊನ್ನೆ ಮಾಡಿಸಿದರೆ ಇನ್ನೊಂದರದ್ದು. ಬೆರಳು ಅಗಲಿಸಲು ಹೇಳಿದರೆ ಮೂರನೆಯದರದ್ದು. ಬೆರಳು ಆಡಿದರೆ ಮೂಳೆ ಮುರಿದಿಲ್ಲ ಅಂತಲ್ಲ, ಮುರಿದಿದ್ದರೂ ನರ ಉಳಿದಿದೆ ಅಂತ. ರಟ್ಟೆಯ ಮೂಳೆ ನಡುವೆ ಮುರಿದಾಗ ಕೆಲವರಿಗೆ ಮಣಿಕಟ್ಟು ಮೇಲೆತ್ತಲು ಆಗದೆ ಹಸ್ತ ಜೋತುಬೀಳುತ್ತದೆ. ಅಲ್ಲಿ ಆ ಮೂಳೆಯನ್ನು ಬಳಸಿ ಹೋಗುವ ನರಕ್ಕೆ ಪೆಟ್ಟಾಗಿರುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳುವುದಕ್ಕೇ ಈ ಪರೀಕ್ಷೆ.

ಇದರ ತಮ್ಮ ಇನ್ನೊಬ್ಬ ಇದ್ದಾನೆ: "ಫ್ರಾಕ್ಚರ್ ಅಲ್ಲ, ಬರೀ ಕ್ರ್ಯಾಕ್ ಅಂತೆ." ಕ್ರ್ಯಾಕ್ ಅಂದರೂ ಫ್ರಾಕ್ಚರೇ. ಸರಿದಿಲ್ಲ ಅಷ್ಟೆ. ನಿರ್ಲಕ್ಷ್ಯ ಮಾಡಿದರೆ ಸರಿಯುತ್ತದೆ.

ನಿಮ್ಮ ಅತ್ತೆಯ ಹಾಗೆ ಕೈ ಊರಿ ಬಿದ್ದವರಿಗೆ ಮಣಿಕಟ್ಟಿಗಿಂತ ತುಸು ಮೇಲೆ ಮುರಿಯುವುದು ತೀರಾ ಸಾಮಾನ್ಯ. ಡಬ್ಲಿನ್‌ನ ಸರ್ಜನ್ ಅಬ್ರಹಾಂ ಕಾಲಿಸ್ 1814ರಲ್ಲೇ ಇದರ ಬಗ್ಗೆ ಬರೆದರು. ಅಲ್ಲಿಯವರೆಗೆ ಬಹುಪಾಲು ವೈದ್ಯರೇ ಇದನ್ನು ಮಣಿಕಟ್ಟು ಜಾರಿದ್ದು ಅಂದುಕೊಂಡಿದ್ದರು. ಎಕ್ಸ್‌ರೇ ಬಂದದ್ದು 1895ರಲ್ಲಿ. ಅಂದರೆ ಆ ಮನುಷ್ಯ 80 ವರ್ಷ ಮೊದಲೇ ಬರೀ ಕೈಯಲ್ಲಿ ಮುಟ್ಟಿ ಪತ್ತೆ ಮಾಡಿದ್ದ. ನಾವು ಎಕ್ಸ್‌ರೇ ಇಟ್ಟುಕೊಂಡು ಬೆರಳು ಎಣಿಸುತ್ತಾ ಕೂತಿದ್ದೇವೆ! ಎಕ್ಸ್‌ರೇಯಿಂದ ತೊಂದರೆ ಅನ್ನುವವರಿಗೂ ಒಂದು ಮಾತು. ಕೈಯ ಒಂದು ಎಕ್ಸ್‌ರೇಯಲ್ಲಿ ಸಿಗುವ ವಿಕಿರಣ, ಸುಮ್ನೆ ಮನೆಯಲ್ಲಿ ಕೂತಿದ್ದರೂ ಒಂದು ದಿನದಲ್ಲಿ ನೆಲ, ಗಾಳಿಯಿಂದ ಬರುವುದಕ್ಕಿಂತ ಕಡಿಮೆ.

ಹಾಗಾದರೆ ಮನೆಯಲ್ಲಿ ಏನು ನೋಡಬೇಕು? ಕೈಯ ಆಕಾರ ಇನ್ನೊಂದು ಕೈಗಿಂತ ಬೇರೆ ಕಾಣುತ್ತದೆಯೇ? ಮೂಳೆಯ ಮೇಲೆ ಒಂದೇ ಜಾಗದಲ್ಲಿ ಒತ್ತಿದಾಗ ಜೀವ ಹೋದಂತೆ ಆಗುತ್ತದೆಯೇ? ಮೊಣಕೈಗೆ ಪೆಟ್ಟಾಗಿದ್ದರೆ ಕೈ ಪೂರ್ತಿ ನೆಟ್ಟಗೆ ಚಾಚಲು ಬರುತ್ತದೆಯೇ? ಕೊನೆಯದು ಬಹಳ ಒಳ್ಳೆಯ ಪರೀಕ್ಷೆ. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ಪೆಟ್ಟಾದ ಮೇಲೆ ಮೊಣಕೈ ಪೂರ್ತಿ ಚಾಚಲು ಆಗದವರಲ್ಲಿ ಸುಮಾರು ಅರ್ಧ ಮಂದಿಗೆ ಮೂಳೆ ಮುರಿದಿತ್ತು. ಚಾಚಲು ಆದವರಲ್ಲಿ ಅದು ತೀರಾ ಕಡಿಮೆ. ಇನ್ನೊಂದು ಜಾಗ, ಹೆಬ್ಬೆರಳು ಮೇಲೆತ್ತಿದಾಗ ಅದರ ಬುಡದಲ್ಲಿ ಕಾಣುವ ಗುಳಿ. ನಶ್ಯ ಹಾಕುವವರು ಪುಡಿ ಇಟ್ಟುಕೊಳ್ಳುವ ಜಾಗ. ಅಲ್ಲಿ ಒತ್ತಿದರೆ ನೋವಿದ್ದರೆ ಒಳಗಿನ ಪುಟ್ಟ ಮೂಳೆ ಮುರಿದಿರಬಹುದು. ಇದು ಕಳ್ಳ ಮೂಳೆ. ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. 10ರಿಂದ 14 ದಿನ ಬಿಟ್ಟು ಮತ್ತೆ ತೆಗೆಯಬೇಕಾಗುತ್ತದೆ, ಅಥವಾ ಎಂಆರ್‌ಐ ಮಾಡಬೇಕಾಗುತ್ತದೆ. ಅದಕ್ಕೆ ರಕ್ತ ಹೋಗುವ ದಾರಿಯೂ ವಿಚಿತ್ರ. ಬಿಟ್ಟರೆ ಒಂದು ತುಂಡು ರಕ್ತ ಸಿಗದೆ ಸತ್ತೇಹೋಗಬಹುದು.

ಈಗ ಎಣ್ಣೆ, ಕಟ್ಟಿನ ವಿಷಯ. ಅಜ್ಜಿ ಕಾಲದ್ದು ಅಂತ ಬೈಯುವ ಉದ್ದೇಶ ನನಗಿಲ್ಲ. ಬೆನ್ನು ಹಿಡಿದಾಗ ಎಣ್ಣೆ ತಿಕ್ಕಿಸಿಕೊಳ್ಳಿ, ಹಿತವಾಗುತ್ತದೆ. ಹೊಸ ಪೆಟ್ಟಿಗೆ ಮಾತ್ರ ಬೇಡ. ಅದರಲ್ಲೂ ಮೊಣಕೈಗೆ ಪೆಟ್ಟಾದಾಗ ತಿಕ್ಕಿ, ಜಗ್ಗಿ ಮಾಡಿದರೆ ಮಾಂಸಖಂಡದೊಳಗೇ ಹೊಸ ಮೂಳೆ ಬೆಳೆಯಬಹುದು. ಮೊಣಕೈ ಅರ್ಧಕ್ಕೇ ನಿಂತುಬಿಡುತ್ತದೆ. ಆಮೇಲೆ ಊಟದ ತುತ್ತು ಬಾಯಿಗೆ ಬರುವುದಿಲ್ಲ. ಇಂಥ ಕೈಯನ್ನು ಸರಿ ಮಾಡುವುದು ಎಷ್ಟು ಕಷ್ಟ ಅಂತ ನನ್ನನ್ನು ಕೇಳಿ.

ಕಟ್ಟಿನದು ಇನ್ನೂ ದೊಡ್ಡ ಅಪಾಯ. ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟುತ್ತಾರೆ. ಒಳಗೆ ಊತ ಏರುತ್ತದೆ. ಹೊರಗೆ ಕಟ್ಟು ಸಡಿಲವಾಗುವುದಿಲ್ಲ. ಮಾಂಸಖಂಡಕ್ಕೆ ರಕ್ತ ನಿಲ್ಲುತ್ತದೆ. ಆರು ಗಂಟೆ ಹೀಗೇ ಇದ್ದರೆ ಮಾಂಸಖಂಡ ಸಾಯಲು ಸಾಕು. ಆಮೇಲೆ ಅದು ಕುಗ್ಗಿ, ಬೆರಳುಗಳು ಮಡಚಿಕೊಂಡೇ ಉಳಿಯುತ್ತವೆ. ಜರ್ಮನಿಯ ಫೋಲ್ಕ್‌ಮನ್ ಎಂಬ ಸರ್ಜನ್ ಬಿಗಿ ಕಟ್ಟಿನಿಂದ ಹೀಗಾಗುತ್ತದೆ ಅಂತ 1881ರಲ್ಲೇ ಬರೆದಿದ್ದಾರೆ. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಇದೇ ಗತಿ, ಹಾಗಾಗಿ ಪಕ್ಷಪಾತ ಅನ್ನಬೇಡಿ. ಕಟ್ಟು ಹಾಕಿದ ಮೇಲೆ ನೋವು ಕಡಿಮೆಯಾಗಬೇಕು. ಗಂಟೆಗಂಟೆಗೂ ಏರುತ್ತಿದ್ದರೆ, ಬೇರೆಯವರು ಬೆರಳನ್ನು ಮೆಲ್ಲಗೆ ಬಿಡಿಸಿದರೂ ಕಿರುಚುವಂತಾದರೆ, ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ಬಿಳಿಚಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಹೋಗಿ ಕಟ್ಟು ಬಿಚ್ಚಿಸಿ. ನಾಡಿ ಸಿಗುತ್ತಿದೆ ಅಂತ ಸಮಾಧಾನ ಪಡುವಂತೆಯೂ ಇಲ್ಲ. ನಾಡಿ ಇದ್ದಾಗಲೇ ಒಳಗೆ ಮಾಂಸಖಂಡ ಸಾಯುತ್ತಿರಬಹುದು.

ಆಸ್ಪತ್ರೆಗೆ ಹೋಗುವಾಗ ಸುಮ್ನೆ ಒಂದು ಟವೆಲ್ಲನ್ನೋ ವೇಲನ್ನೋ ಕುತ್ತಿಗೆಗೆ ಕಟ್ಟಿ, ಕೈಯನ್ನು ಅದರಲ್ಲಿ ಕೂರಿಸಿ. ಹೇಗಿದೆಯೋ ಹಾಗೇ. ನೆಟ್ಟಗೆ ಮಾಡಲು ಹೋಗಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ ಇಡಬಹುದು. ಮೂಳೆ ಸರಿದಿರುವ ಹಾಗೆ ಕಂಡರೆ ದಾರಿಯಲ್ಲಿ ಇಡ್ಲಿ ಕಾಫಿ ಕೊಡಿಸಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು.

ಮಕ್ಕಳ ವಿಷಯ ಬೇರೆ. ಜೋಕಾಲಿಯಿಂದಲೋ ಮರದಿಂದಲೋ ಬಿದ್ದ ಐದಾರು ವರ್ಷದ ಮಗುವಿನ ಮೊಣಕೈ ಊದಿದ್ದರೆ ಅದು ತುರ್ತು. ಮುರಿದ ತುದಿ ಪಕ್ಕದ ರಕ್ತನಾಳವನ್ನೇ ಒತ್ತಬಹುದು. ಎರಡು ಮೂರು ವರ್ಷದ ಮಗುವನ್ನು ಕೈ ಹಿಡಿದು ಮೇಲಕ್ಕೆಳೆದ ಮೇಲೆ ಅದು ಆ ಕೈ ಎತ್ತದೆ ಜೋತುಬಿಟ್ಟುಕೊಂಡಿದ್ದರೆ ಮೊಣಕೈಯ ಮೂಳೆ ತನ್ನನ್ನು ಹಿಡಿದಿಡುವ ಪಟ್ಟಿಯಿಂದ ಸ್ವಲ್ಪ ಜಾರಿರುತ್ತದೆ. ಗೊತ್ತಿರುವ ಡಾಕ್ಟರ್ ಅರೆನಿಮಿಷದಲ್ಲಿ ಕೂರಿಸುತ್ತಾರೆ. ಮಗು ಅಲ್ಲೇ ಚಾಕೊಲೇಟಿಗೆ ಅದೇ ಕೈ ಚಾಚುತ್ತದೆ. ಎರಡೂ ಕೈ ಹಿಡಿದು ತೂಗುವ ಆಟವನ್ನು ಮಾತ್ರ ಬಿಡಿ.

ಭುಜ ಜಾರಿದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಭುಜದ ದುಂಡು ಹೋಗಿ ಮೂಲೆ ಎದ್ದಿರುತ್ತದೆ. ಕಬಡ್ಡಿ ಅಂಗಳದಲ್ಲಿ ಯಾರೋ ಕಾಲು ಕೊಟ್ಟು ಎಳೆದು ಕೂರಿಸಿದ ಕಥೆಗಳನ್ನು ನಾನೂ ಕೇಳಿದ್ದೇನೆ. ಹಾಗೆ ಎಳೆದಾಗ ನರ ಹಿಗ್ಗಿದ ಕಥೆಯನ್ನು ಯಾರೂ ಹೇಳುವುದಿಲ್ಲ. ಜೊತೆಗೆ ಮೂಳೆಯೂ ಮುರಿದಿರಬಹುದು. ಮೊದಲು ಎಕ್ಸ್‌ರೇ. ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಒಮ್ಮೆ ಜಾರಿದರೆ ಮತ್ತೆ ಜಾರುವ ಸಾಧ್ಯತೆ ಜಾಸ್ತಿ. ನೋವು ಹೋಯಿತು ಅಂತ ವ್ಯಾಯಾಮ ಬಿಡಬೇಡಿ.

ಪೆಟ್ಟೇ ಆಗದೆ ಮೊಣಕೈಯ ಹೊರಬದಿ ನೋಯುವುದು ಟೆನಿಸ್ ಎಲ್ಬೋ. 2004ರಲ್ಲಿ ಸಚಿನ್‌ಗೆ ಬಂದಾಗಿನಿಂದ ಹೆಸರು ಎಲ್ಲರಿಗೂ ಗೊತ್ತು. ಆದರೆ ನನ್ನ ಹತ್ತಿರ ಬರುವವರು ಬಟ್ಟೆ ಹಿಂಡುವವರು, ಮುದ್ದೆ ತಿರುವುವವರು, ಸ್ಪ್ಯಾನರ್ ತಿರುಗಿಸುವವರು. ಮಣಿಕಟ್ಟನ್ನು ಮೇಲೆತ್ತುವ ಮಾಂಸಖಂಡ ಮೊಣಕೈಯ ಮೂಳೆಗೆ ಅಂಟುವ ಜಾಗ ಸವೆದಿರುತ್ತದೆ. ಬಹಳಷ್ಟು ಜನರಿಗೆ ಒಂದು ವರ್ಷದೊಳಗೆ ತಾನಾಗಿಯೇ ಕಡಿಮೆಯಾಗುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ ಮೊದಲ ಕೆಲವು ವಾರ ಸ್ವರ್ಗ. ವರ್ಷದ ಕೊನೆಗೆ ನೋಡಿದರೆ ಇಂಜೆಕ್ಷನ್ ತಗೊಂಡವರೇ ಹಿಂದೆ ಬಿದ್ದಿರುತ್ತಾರೆ. ಭಾರ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ. ನಿಧಾನವಾಗಿ ತೂಕ ಏರಿಸುವ ವ್ಯಾಯಾಮ ಕಲಿತುಕೊಳ್ಳಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಿಂತ ಎತ್ತರದಿಂದ ಬಿದ್ದದ್ದಕ್ಕೇ ಅತ್ತೆಯ ಮೂಳೆ ಮುರಿದಿದ್ದರೆ, ಮೂಳೆಯ ಸಾಂದ್ರತೆ ಪರೀಕ್ಷೆ ಬೇಕಾ ಅಂತ ಡಾಕ್ಟರ್‌ನ ಕೇಳಿ. ಈ ಸಲ ಮಣಿಕಟ್ಟು, ಮುಂದಿನ ಸಲ ಸೊಂಟ ಆಗಬಾರದು. ಪ್ಲಾಸ್ಟರ್ ಹಾಕಿದರೆ ಸಾಮಾನ್ಯವಾಗಿ ಆರು ವಾರ. ಆ ಆರು ವಾರ ಮಣಿಕಟ್ಟಿಗೆ ರಜೆ, ಬೆರಳಿಗೂ ಭುಜಕ್ಕೂ ರಜೆ ಇಲ್ಲ. ಕೈಯನ್ನು ಎದೆಗೆ ಅಪ್ಪಿಕೊಂಡು ಕೂತರೆ ಮೂಳೆ ಕೂಡುವಷ್ಟರಲ್ಲಿ ಭುಜ ಹಿಡಿದುಕೊಂಡಿರುತ್ತದೆ. ಡಾಕ್ಟರ್ ಬೇಡ ಅನ್ನದಿದ್ದರೆ ಮರುದಿನದಿಂದಲೇ ದಿನಕ್ಕೆ ನಾಲ್ಕೈದು ಸಲ ಕೈ ತಲೆಯ ಮೇಲೆ ಎತ್ತಿಸಿ.

ಭುಜ ಹಿಡಿಯುವುದಕ್ಕೆ ಬೀಳಲೇಬೇಕು ಅಂತಲೂ ಇಲ್ಲ. 40ರಿಂದ 60ರ ನಡುವೆ, ಅದರಲ್ಲೂ ಹೆಂಗಸರಿಗೆ, ಅದರಲ್ಲೂ ಶುಗರ್ ಇರುವವರಿಗೆ ತಾನಾಗಿಯೇ ಬರುತ್ತದೆ. ಜಡೆ ಹೆಣೆಯಲು ಆಗುವುದಿಲ್ಲ, ಬೆನ್ನಿಗೆ ಸೋಪು ಹಚ್ಚಲು ಆಗುವುದಿಲ್ಲ, ಆ ಮಗ್ಗುಲಿಗೆ ಮಲಗಿದರೆ ಎಚ್ಚರವಾಗುತ್ತದೆ. ಎಲ್ಲ ಭುಜದ ನೋವೂ ಇದೇ ಅಲ್ಲ. ನೀವಾಗಿ ಎತ್ತಲು ಆಗದೆ ಬೇರೆಯವರು ಎತ್ತಿದರೆ ಮೇಲೇಳುತ್ತದೆ ಅಂದರೆ ಒಳಗಿನ ಟೆಂಡನ್ ಹರಿದಿರಬಹುದು. ಯಾರು ಎತ್ತಿದರೂ ಮೇಲೇಳದಿದ್ದರೆ ಕೀಲಿನ ಹೊದಿಕೆ ಬಿಗಿದಿದೆ, ಅದು ಫ್ರೋಜನ್ ಶೋಲ್ಡರ್. ಎಡಭುಜದ ನೋವಿನ ಜೊತೆ ಬೆವರು, ಎದೆ ಬಿಗಿತ ಬಂದರೆ ಈ ಪರೀಕ್ಷೆ ಎಲ್ಲ ಬಿಟ್ಟು ಹೃದಯ ತೋರಿಸಿ.

ಫ್ರೋಜನ್ ಶೋಲ್ಡರ್ ಬಿಡಲು ಒಂದರಿಂದ ಮೂರು ವರ್ಷ ಬೇಕಾಗಬಹುದು. ಜೋರಾಗಿ ಎಳೆದು ಬಿಡಿಸುತ್ತೇನೆ ಅನ್ನುವವರಿಗೆ ಭುಜ ಕೊಡಬೇಡಿ. ಟೆನಿಸ್ ಎಲ್ಬೋಗೆ ಬೇಡ ಅಂದ ಅದೇ ಸ್ಟಿರಾಯ್ಡ್ ಇಂಜೆಕ್ಷನ್ ಇಲ್ಲಿ ಶುರುವಿನಲ್ಲೇ ಕೊಟ್ಟರೆ ನೋವು ಇಳಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಡುತ್ತದೆ. ಶುಗರ್ ಇದ್ದರೆ ಮೊದಲೇ ಹೇಳಿ. ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತದೆ, ಆ ವಾರ ದಿನಾ ಪರೀಕ್ಷೆ ಮಾಡಿಕೊಳ್ಳಿ. ಶುಗರ್ ಇದೆಯೋ ಇಲ್ಲವೋ ಗೊತ್ತೇ ಇಲ್ಲದವರು ಭುಜದ ಸ್ಕ್ಯಾನಿಂಗ್‌ಗೆ ಓಡುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ.