ಸೋತರೂ ರೇಟಿಂಗ್ ಏರುವುದು ಹೇಗೆ?

ಡಿಸೆಂಬರ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಅಮೆರಿಕದ ಟೆನಿಸ್ ಸಂಸ್ಥೆ ಯುಎಸ್‌ಟಿಎ ನಡೆಸುವ ಲೀಗ್‌ನಲ್ಲಿ ಆಡುವವರ ವರ್ಷದ ಕೊನೆಯ ಎನ್‌ಟಿಆರ್‌ಪಿ ರೇಟಿಂಗ್, ಅಂದರೆ ಆಟದ ಮಟ್ಟ ಹೇಳುವ ಅಂಕಿ, ಹೊರಬೀಳುವ ಹೊತ್ತು ಅದು. "ಕೋಚ್, ಈ ವರ್ಷ ನಾನು ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಆದರೂ 3.5ರಿಂದ 4.0ಕ್ಕೆ ಹಾಕಿದ್ದಾರೆ. ಏನೋ ತಪ್ಪಾಗಿದೆ ಅಲ್ವಾ?" ಹೋದ ಸಲ ಹೀಗೆ ಕೇಳಿದ ಆಟಗಾರ್ತಿಯ ಜೊತೆ ಕೂತು ಸ್ಕೋರ್‌ಗಳನ್ನು ಒಂದೊಂದಾಗಿ ನೋಡಿದೆ. ಸೋತ ಸೆಟ್‌ಗಳೆಲ್ಲ 7-5, 6-4, 7-6 ಇಂಥವು. ಎದುರಿಗಿದ್ದವರೆಲ್ಲ ಗಟ್ಟಿ ಆಟಗಾರರು. ಗೆದ್ದವು 6-1, 6-0. ತಪ್ಪೇನೂ ಆಗಿರಲಿಲ್ಲ.

ಈ ಲೆಕ್ಕಕ್ಕೆ ಬೇಕಿರುವುದು ಯಾರು ಗೆದ್ದರು ಅನ್ನುವುದಲ್ಲ, ಯಾರ ಎದುರು ಎಷ್ಟು ಗೇಮ್ ಗೆದ್ದಿರಿ ಅನ್ನುವುದು (6-4 ಅಂದರೆ ಆ ಸೆಟ್‌ನಲ್ಲಿ ಒಬ್ಬರಿಗೆ ಆರು ಗೇಮ್, ಇನ್ನೊಬ್ಬರಿಗೆ ನಾಲ್ಕು). ಇಬ್ಬರ ರೇಟಿಂಗ್ ನಡುವಿನ ಅಂತರ ನೋಡಿ, ಸ್ಕೋರ್ ಹೀಗಿರಬೇಕು ಎಂದು ಕಂಪ್ಯೂಟರ್ ಅಂದಾಜು ಹಾಕುತ್ತದೆ. ಅದಕ್ಕಿಂತ ಚೆನ್ನಾಗಿ ಆಡಿದರೆ ಏರಿಕೆ, ಕಡಿಮೆಯಾದರೆ ಇಳಿಕೆ. ಸುಲಭವಾಗಿ ಸೋಲಿಸಬೇಕಾದವರನ್ನು 7-6, 7-6ರಲ್ಲಿ ಗೆದ್ದರೆ ಗೆದ್ದೂ ಇಳಿಯಬಹುದು. ಪಂದ್ಯದಿಂದ ಬಂದ ಹೊಸ ಅಂಕಿಯನ್ನು ಹಿಂದಿನ ಹೆಚ್ಚೆಂದರೆ ಮೂರು ಅಂಕಿಗಳ ಜೊತೆ ಸೇರಿಸಿ ಸರಾಸರಿ ತೆಗೆಯುತ್ತಾರೆ. ಹಾಗಾಗಿ ಒಂದು ಕೆಟ್ಟ ದಿನಕ್ಕೆ ಹೆದರಬೇಕಿಲ್ಲ. ಆದರೆ 1-6, 0-4 ಆದಾಗ ಕೈಚೆಲ್ಲಬೇಡಿ. ಅಲ್ಲಿಂದ ಕಿತ್ತುಕೊಂಡ ಎರಡು ಗೇಮ್ ಕೂಡ ಲೆಕ್ಕಕ್ಕೆ ಬರುತ್ತದೆ.

ನಮಗೆ ಕಾಣುವುದು ಅರ್ಧರ್ಧ ಪಾಯಿಂಟಿನ ಮಟ್ಟ ಮಾತ್ರ. ಒಳಗಿನ ಲೆಕ್ಕ ನೂರರಲ್ಲೊಂದು ಭಾಗದವರೆಗೆ ಹೋಗುತ್ತದೆ. 3.01ರಿಂದ 3.50ರವರೆಗೆ ಇರುವವರು 3.5. ಅಲ್ಲಿಂದ 3.51ಕ್ಕೆ ಹೋದರೆ 4.0. ಆಟ ಕೂದಲೆಳೆಯಷ್ಟು ಬದಲಾಗಿರುತ್ತದೆ, ತಂಡವೇ ಬದಲಾಗಿಬಿಡುತ್ತದೆ. ನಿನ್ನೆವರೆಗೆ ಗುಂಪಿನ ತುದಿಯಲ್ಲಿದ್ದವರು ಇವತ್ತು ಹೊಸ ಗುಂಪಿನ ತಳದಲ್ಲಿ. ಮೊದಲ ವರ್ಷ ಸೋಲು ಜಾಸ್ತಿ, ಕೆಲವರು ಮರುವರ್ಷ ವಾಪಸ್ ಬರುತ್ತಾರೆ. ಅದರಲ್ಲಿ ಅವಮಾನ ಏನೂ ಇಲ್ಲ.

ನನಗೆ ನಿಜಕ್ಕೂ ನೋವಾಗುವುದು, ಕೆಳಗಿನ ಮಟ್ಟದಲ್ಲೇ ಉಳಿದು ಸುಲಭವಾಗಿ ಗೆಲ್ಲಲು ಬೇಕಂತಲೇ ಗೇಮ್ ಬಿಟ್ಟುಕೊಡುವವರನ್ನು ಕಂಡಾಗ. ಆಗಷ್ಟೇ ರ‍್ಯಾಕೆಟ್ ಹಿಡಿದು ಆ ಮಟ್ಟಕ್ಕೆ ಬಂದವರು ಇಂಥವರ ಕೈಗೆ ಸಿಕ್ಕಿ, ಆಟವನ್ನೇ ಬಿಟ್ಟು ಹೋಗುತ್ತಾರೆ. ತಮ್ಮ ರೇಟಿಂಗ್ ತಾವೇ ಹೇಳಿಕೊಂಡು ಸೇರಿದವರ ಅಂಕಿ ಮೂರು ಸಲ ಮಿತಿ ದಾಟಿದರೆ ಆ ಮಟ್ಟದಿಂದ ಹೊರಹಾಕುವ ನಿಯಮ ಇರುವುದು ಇದಕ್ಕೇ.

ಫೋನ್ ಮಾಡಿದ್ದ ಆ ಆಟಗಾರ್ತಿ ಈಗ 4.0 ತಂಡದಲ್ಲಿದ್ದಾರೆ. ವಾರಕ್ಕೆ ಎರಡು ದಿನ ರಿಟರ್ನ್ (ಎದುರಾಳಿಯ ಸರ್ವ್‌ಗೆ ಮರುಹೊಡೆತ) ಒಂದನ್ನೇ ಅಭ್ಯಾಸ ಮಾಡುತ್ತಾರೆ. ಮೊದಲು ನಡುವಿಗೆ ಮೆತ್ತಗೆ ಬಂದು ಬೀಳುತ್ತಿದ್ದ ಎದುರಾಳಿಗಳ ಸೆಕೆಂಡ್ ಸರ್ವ್ ಈಗ ಅವರ ಬ್ಯಾಕ್‌ಹ್ಯಾಂಡ್ ಕಡೆಗೇ ಬರುತ್ತಿದೆ.