ಅದೇ ಫೌಲ್, ಬಾಕ್ಸ್ ಒಳಗಾದರೆ ಸೀಟಿ ಯಾಕೆ ತಡವರಿಸುತ್ತದೆ?

ಮೈಸೂರಿನಲ್ಲಿ ಫುಟ್‌ಬಾಲ್ ರೆಫ್ರಿಯಾಗಿ ಮೈದಾನಕ್ಕೆ ಇಳಿದವರೆಲ್ಲ ಕೇಳಿಸಿಕೊಂಡಿರುವ ಕೂಗು ಒಂದಿದೆ: "ಸಾರ್, ಬಾಲ್ ಫಸ್ಟ್ ಸಾರ್!" ಮಹಾರಾಜ ಕಾಲೇಜು ಮೈದಾನ ಇರಲಿ, ರಿಂಗ್ ರೋಡ್ ಪಕ್ಕದ ಟರ್ಫ್ ಇರಲಿ, ಬೈಲಕುಪ್ಪೆ ಹುಡುಗರ ಜೊತೆಗಿನ ಪಂದ್ಯ ಇರಲಿ, ಗೋಲಿನ ಮುಂದಿನ ಬಾಕ್ಸ್‌ನಲ್ಲಿ ಫೌಲ್ ಆಯಿತು ಅಂತ ಪೆನಾಲ್ಟಿ ಕೊಟ್ಟ ಕೂಡಲೇ ಡಿಫೆಂಡರ್ ಎರಡೂ ಕೈಯಲ್ಲಿ ಗಾಳಿಯಲ್ಲೇ ಒಂದು ಚೆಂಡು ಬಿಡಿಸಿ ತೋರಿಸುತ್ತಾನೆ. ಅವನು ಸುಳ್ಳು ಹೇಳುತ್ತಿದ್ದಾನೆ ಅಂತಲ್ಲ. ಕಾಲು ಚೆಂಡಿಗೇ ಮೊದಲು ತಗುಲಿರಬಹುದು. ಆದರೆ ನಿಯಮ ಅದನ್ನು ಕೇಳುವುದೇ ಇಲ್ಲ.

ಫೌಲ್‌ಗಳ ಬಗ್ಗೆ ಇರುವ 12ನೇ ನಿಯಮ ನೋಡುವುದು ಟ್ಯಾಕಲ್ (ಚೆಂಡು ಕಸಿಯಲು ಹೋಗುವುದು) ಹೇಗೆ ಮಾಡಿದೆ ಅನ್ನುವುದನ್ನು. ಎಚ್ಚರಿಕೆ ಇಲ್ಲದೆ ಕಾಲು ಹಾಕಿದರೆ ಬರೀ ಫೌಲ್, ಕಾರ್ಡ್ ಇಲ್ಲ. ಎದುರಿನವನಿಗೆ ಏನಾದರೂ ಆಗಲಿ ಅಂತ ನುಗ್ಗಿದರೆ ಹಳದಿ. ಮಿತಿಮೀರಿ ಬಲ ಹಾಕಿ ಅವನ ಕಾಲಿಗೇ ಅಪಾಯ ತಂದರೆ ಕೆಂಪು. ಚೆಂಡು ಮುಟ್ಟಿದ ಮೇಲೆ ಅದೇ ಓಟದಲ್ಲಿ ಎದುರಾಳಿಯ ಕಣಕಾಲಿಗೆ ಬಡಿದರೆ ಅದೂ ಫೌಲೇ. ಹಾಗಂತ ಮೈಗೆ ಮೈ ತಾಗಿದ್ದೆಲ್ಲ ಫೌಲ್ ಆಗಲ್ಲ. ಟಿವಿ ಮುಂದೆ ಕೂತು "ಟಚ್ ಆಗಿದೆ ನೋಡು, ಟಚ್ ಆಗಿದೆ" ಅನ್ನುವವರೂ ಡಿಫೆಂಡರ್ ಮಾಡುವ ತಪ್ಪನ್ನೇ ಮಾಡುತ್ತಾರೆ, ಬೇರೆ ದಿಕ್ಕಿನಿಂದ.

ಇಷ್ಟು ಸರಳವಾಗಿದ್ದರೂ ಜಗಳ ಯಾಕೆ ನಿಲ್ಲಲ್ಲ? ನನ್ನ ಪ್ರಕಾರ ತೊಂದರೆ ಇರುವುದು ಫೌಲ್‌ನಲ್ಲಲ್ಲ, ಅದಕ್ಕೆ ಕೊಡುವ ಶಿಕ್ಷೆಯಲ್ಲಿ.

ಪೆನಾಲ್ಟಿ ನಿಯಮ ಬಂದದ್ದು 1891ರಲ್ಲಿ. ಐರ್ಲೆಂಡಿನ ವಿಲಿಯಂ ಮೆಕ್ರಮ್ ಅನ್ನುವ ಗೋಲ್‌ಕೀಪರ್ ಕೊಟ್ಟ ಸಲಹೆ ಅದು. ಇನ್ನೇನು ಗೋಲು ಆಯಿತು ಅನ್ನುವಾಗ ಡಿಫೆಂಡರ್‌ಗಳು ಕೈಯಲ್ಲೋ ಕಾಲಲ್ಲೋ ಅಡ್ಡ ಹಾಕಿ ತಪ್ಪಿಸುತ್ತಿದ್ದರು. ಫ್ರೀ ಕಿಕ್‌ನಿಂದ ಆ ನಷ್ಟ ತುಂಬುತ್ತಿರಲಿಲ್ಲ. 2010ರ ವಿಶ್ವಕಪ್ ಕ್ವಾರ್ಟರ್ ಫೈನಲ್ ನೆನಪಿದೆಯಲ್ವಾ? ಘಾನಾ ಹೊಡೆದ ಚೆಂಡನ್ನು ಉರುಗ್ವೆಯ ಸುವಾರೆಝ್ ಗೋಲು ಗೆರೆ ಮೇಲೆ ನಿಂತು ಕೈಯಲ್ಲಿ ತಡೆದರು. ಕೆಂಪು ಕಾರ್ಡ್, ಪೆನಾಲ್ಟಿ. ಘಾನಾದ ಗ್ಯಾನ್ ಹೊಡೆದದ್ದು ಮೇಲಿನ ಪಟ್ಟಿಗೆ ಬಡಿಯಿತು, ಕೊನೆಗೆ ಉರುಗ್ವೆ ಶೂಟೌಟ್‌ನಲ್ಲಿ ಗೆದ್ದಿತು. ಮೆಕ್ರಮ್ ಕಾಲದಲ್ಲಿ ತಪ್ಪಿಸಬೇಕು ಅಂದುಕೊಂಡಿದ್ದು ಇಂಥದ್ದನ್ನೇ.

ಆದರೆ 1902ರಲ್ಲಿ ಈಗಿನ ಚೌಕಟ್ಟು ಬಂತು. ಬಾಕ್ಸ್ 16.5 ಮೀಟರ್ ಆಳ, 40 ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ. ಅದರ ಮೂಲೆಯಲ್ಲಿ, ಗೋಲಿಗೆ ಬೆನ್ನು ಹಾಕಿ, ಎಲ್ಲಿಗೂ ಹೋಗದ ಚೆಂಡನ್ನು ಕಾಯುತ್ತಾ ನಿಂತವನನ್ನು ಸಣ್ಣಗೆ ತಳ್ಳಿದರೂ ಪೆನಾಲ್ಟಿಯೇ. 11 ಮೀಟರ್ ದೂರ, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ದೊಡ್ಡ ಮಟ್ಟದ ಆಟದಲ್ಲಿ ನಾಲ್ಕರಲ್ಲಿ ಮೂರರಷ್ಟು ಗೋಲಾಗುತ್ತವೆ. ಅದೇ ಹೊತ್ತಿಗೆ, ಬಾಕ್ಸ್‌ನಿಂದ ಎರಡು ಹೆಜ್ಜೆ ಹೊರಗೆ ಗೋಲಿನ ಕಡೆಗೇ ಓಡುತ್ತಿದ್ದವನನ್ನು ಕೆಡವಿದರೆ ಸಿಗುವುದು ಫ್ರೀ ಕಿಕ್. ಇದು ಸರಿಯಾದ ಅಳತೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಹೆಲ್ಮೆಟ್ ಹಾಕದವನ ಗಾಡಿಯನ್ನೇ ಮುಟ್ಟುಗೋಲು ಹಾಕಬೇಕು ಅಂತ ನಿಯಮ ಮಾಡಿದರೆ, ಪೊಲೀಸರು ಹತ್ತರಲ್ಲಿ ಎಂಟು ಜನರನ್ನು ಬೈದು ಬಿಟ್ಟು ಕಳಿಸುತ್ತಾರೆ. ರೆಫ್ರಿ ಮಾಡುವುದೂ ಅದನ್ನೇ. ಮಧ್ಯ ಮೈದಾನದಲ್ಲಿ ಸುಮ್ನೆ ಊದಿಬಿಡುವ ಸೀಟಿ ಬಾಕ್ಸ್ ಒಳಗೆ ತಡೆಯುತ್ತದೆ. ಇದನ್ನು ಯಾವ ನಿಯಮವೂ ಹೇಳಿಲ್ಲ, ಯಾವ ಕ್ಲಾಸಿನಲ್ಲೂ ಹೇಳಿಕೊಡಲ್ಲ. ಆದರೂ ಊರ ಟೂರ್ನಮೆಂಟ್‌ನಿಂದ ವಿಶ್ವಕಪ್‌ವರೆಗೆ ನಡೆಯುತ್ತದೆ.

ಆಟಗಾರರಿಗೂ ಇದು ಚೆನ್ನಾಗಿ ಗೊತ್ತು. ಎದ್ದು ನಿಂತು ಓಡಿದರೆ ಏನೂ ಸಿಗಲ್ಲ, ಬಿದ್ದರೆ ಸಿಗಬಹುದು. 2014ರಲ್ಲಿ ಮೆಕ್ಸಿಕೊ ವಿರುದ್ಧ ನೆದರ್ಲೆಂಡ್ಸ್‌ನ ರಾಬೆನ್ ಕೊನೆಯ ನಿಮಿಷಗಳಲ್ಲಿ ಬಿದ್ದು ಪೆನಾಲ್ಟಿ ಪಡೆದರು, ಹುಂಟೆಲಾರ್ ಗೋಲು ಹೊಡೆದು ಗೆಲ್ಲಿಸಿದರು. ಪಂದ್ಯ ಮುಗಿದ ಮೇಲೆ ರಾಬೆನ್ ಒಪ್ಪಿಕೊಂಡಿದ್ದು ಮಜವಾಗಿದೆ. ಮೊದಲಾರ್ಧದಲ್ಲಿ ಬೇಕಂತಲೇ ಬಿದ್ದಿದ್ದೆ, ಅದು ತಪ್ಪು, ಆದರೆ ಕೊನೆಯದು ನಿಜವಾದ ಫೌಲ್ ಅಂದರು. ಮೆಕ್ಸಿಕೊದಲ್ಲಿ "ಅದು ಪೆನಾಲ್ಟಿ ಆಗಿರಲಿಲ್ಲ" ಅನ್ನುವುದು ಆಮೇಲೆ ಗಾದೆಯೇ ಆಗಿಹೋಯಿತು.

ಹ್ಯಾಂಡ್‌ಬಾಲ್ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಕಂಕುಳಿನ ತಳಮಟ್ಟಕ್ಕಿಂತ ಕೆಳಗಿನದ್ದು ಕೈ, ಮೇಲಿನದ್ದು ಭುಜ. ಅಷ್ಟು ಸ್ಪಷ್ಟ. ಬೇಕಂತಲೇ ಮುಟ್ಟಿದರೆ ಫೌಲ್ ಅನ್ನುವುದೂ ಸ್ಪಷ್ಟ. ಕೈ ಚಾಚಿ ಮೈಯನ್ನು ಅಸಹಜವಾಗಿ ದೊಡ್ಡದು ಮಾಡಿಕೊಂಡರೂ ಫೌಲ್ ಅನ್ನುವಲ್ಲಿ ಗಲಾಟೆ ಶುರು. ಓಡುವವನ, ನೆಗೆಯುವವನ ಕೈ ಎಲ್ಲಿರಬೇಕು? ಡಿಫೆಂಡರ್‌ಗಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡುವುದನ್ನು ನೋಡಿದರೆ ನನಗೆ ನಗು ಬರುತ್ತದೆ. ಹಾಗೆ ಓಡುವುದೇ ಅಸಹಜ.

2024ರ ಯೂರೋ ಟೂರ್ನಿಯನ್ನೇ ನೋಡಿ. ಜೂನ್ 29ರಂದು ಡೆನ್ಮಾರ್ಕ್‌ನ ಆಂಡರ್ಸನ್ ಬೆರಳಿಗೆ ಚೆಂಡು ಸವರಿಕೊಂಡು ಹೋಯಿತು. ಚೆಂಡಿನೊಳಗಿನ ಸೆನ್ಸರ್ ಅದನ್ನು ಹಿಡಿಯಿತು, ಜರ್ಮನಿಗೆ ಪೆನಾಲ್ಟಿ ಸಿಕ್ಕಿತು, ಹಾವರ್ಟ್ಸ್ ಗೋಲು ಹೊಡೆದರು. ಒಂದು ವಾರದೊಳಗೆ, ಜುಲೈ 5ರಂದು, ಅದೇ ಜರ್ಮನಿಯ ಮುಸಿಯಾಲಾ ಹೊಡೆದ ಚೆಂಡು ಸ್ಪೇನಿನ ಕುಕುರೆಯಾ ಕೈಗೆ ಗಟ್ಟಿಯಾಗಿ ಬಡಿಯಿತು. ಪೆನಾಲ್ಟಿ ಇಲ್ಲ. ಜರ್ಮನಿ ಸೋತು ಮನೆಗೆ ಹೋಯಿತು. ಸವರಿದ್ದಕ್ಕೆ ಪೆನಾಲ್ಟಿ, ಗೋಲಿನ ಕಡೆ ಹೋಗುತ್ತಿದ್ದನ್ನು ನಿಲ್ಲಿಸಿದ್ದಕ್ಕೆ ಇಲ್ಲ. ಸೆನ್ಸರ್ ತಗುಲಿತಾ ಅಂತ ಹೇಳಬಲ್ಲದು, ಕೈ ಅಲ್ಲಿರಬಹುದಿತ್ತಾ ಅಂತ ಹೇಳಲಾರದು.

ವಿಎಆರ್ (ವಿಡಿಯೋ ನೋಡಿ ರೆಫ್ರಿಗೆ ನೆರವಾಗುವ ವ್ಯವಸ್ಥೆ) ಕೂಡ ಹಾಗೆಯೇ. ಅದರ ನಿಯಮಾವಳಿಯಲ್ಲಿ ಒಂದು ಒಳ್ಳೆಯ ಮಾತಿದೆ, ಯಾರೂ ಗಮನಿಸಲ್ಲ. ಎಲ್ಲಿ ತಗುಲಿತು ಅಂತ ನೋಡಲು ಸ್ಲೋ ಮೋಷನ್ ಬಳಸಬೇಕು. ಎಷ್ಟು ಜೋರಾಗಿ ತಗುಲಿತು ಅಂತ ತೀರ್ಮಾನಿಸಲು ಮಾಮೂಲಿ ವೇಗದಲ್ಲೇ ನೋಡಬೇಕು. ನಿಧಾನಕ್ಕೆ ತೋರಿಸಿದರೆ ಪ್ರತಿ ಟ್ಯಾಕಲ್ಲೂ ಕೊಲೆಯತ್ನದ ಹಾಗೆ ಕಾಣುತ್ತದೆ. ಮೊಬೈಲ್‌ನಲ್ಲಿ ಕ್ಲಿಪ್ ನಿಲ್ಲಿಸಿ ನಿಲ್ಲಿಸಿ ವಾದ ಮಾಡುವ ಗೆಳೆಯರಿಗೆ ನಾನು ಮೊದಲು ಹೇಳುವುದು ಇದನ್ನೇ.

"ಲಾಸ್ಟ್ ಮ್ಯಾನ್ ಸಾರ್, ರೆಡ್ ಕೊಡಿ" (ಫೌಲ್ ಮಾಡಿದವನು ಗೋಲ್‌ಕೀಪರ್ ಮುಂದಿನ ಕೊನೆಯ ಡಿಫೆಂಡರ್ ಅಂತ) ಅನ್ನುವವರಿಗೂ ಒಂದು ಮಾತು. 2016ರಿಂದ, ಬಾಕ್ಸ್ ಒಳಗೆ ಚೆಂಡಿಗಾಗಿ ಪ್ರಯತ್ನಿಸಿ ಫೌಲ್ ಆದರೆ, ಗೋಲಿನ ಅವಕಾಶ ತಪ್ಪಿದ್ದರೂ ಪೆನಾಲ್ಟಿ ಜೊತೆ ಹಳದಿ ಸಾಕು. ಅಂಗಿ ಹಿಡಿದು ಎಳೆದರೆ, ತಳ್ಳಿದರೆ ಕೆಂಪೇ. ಶಿಕ್ಷೆ ಭಾರ ಜಾಸ್ತಿ ಅಂತ ನಿಯಮ ಬರೆಯುವವರಿಗೂ ಅನ್ನಿಸಿದೆ ಅನ್ನುವುದಕ್ಕೆ ಇದೇ ಸಾಕ್ಷಿ.

ವಿಎಆರ್ ಇಲ್ಲದ, ಎಷ್ಟೋ ಸಲ ಲೈನ್ಸ್‌ಮನ್ ಕೂಡ ಇಲ್ಲದ ನಮ್ಮ ಪಂದ್ಯಗಳಲ್ಲಿ ನಾನು ಮಾಡುವುದು ಇಷ್ಟು. ಮೊದಲ ಕಾರ್ನರ್ ಹೊಡೆಯುವ ಮುಂಚೆಯೇ ಎಳೆದಾಡುವವರನ್ನು ಕರೆದು ಎಚ್ಚರಿಸುತ್ತೇನೆ. ಚೆಂಡು ಆಟಕ್ಕೆ ಬರುವ ಮುಂಚೆ ತಳ್ಳಿದರೆ ಕಾರ್ಡ್ ಕೊಡಬಹುದೇ ಹೊರತು ಪೆನಾಲ್ಟಿ ಕೊಡುವಂತಿಲ್ಲ. ಕಾಲಿನಿಂದ ಚೆಂಡು ಹೊರಟ ಕ್ಷಣದಿಂದ ಲೆಕ್ಕವೇ ಬೇರೆ. ಆಮೇಲೂ ಹಿಡಿದುಕೊಂಡಿದ್ದರೆ ಪೆನಾಲ್ಟಿ. ಮಧ್ಯ ಮೈದಾನದಲ್ಲಿ ಇದಕ್ಕೆ ಸೀಟಿ ಊದುತ್ತಿದ್ದೆನಾ? ಹೌದಾದರೆ ಇಲ್ಲೂ ಊದಬೇಕು. ಬಾಕ್ಸ್ ಹೊರಗೆ ಹಿಡಿಯಲು ಶುರು ಮಾಡಿ ಒಳಗೆ ಬಂದರೂ ಬಿಡದಿದ್ದರೆ ಅದೂ ಪೆನಾಲ್ಟಿ, ಗೆರೆಯೂ ಬಾಕ್ಸಿಗೇ ಸೇರಿದ್ದು. ಇದಕ್ಕೆ ಆಗುವಷ್ಟು ಜಗಳ ಇನ್ಯಾವುದಕ್ಕೂ ಆಗಲ್ಲ.

ಜಗಳ ಎಲ್ಲಿಗೆ ಹೋಗಬಹುದು ಅಂತ 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ ನೋಡಿದ್ದೇವೆ. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಬೇಗನೆ ಹೊಡೆದ ಫ್ರೀ ಕಿಕ್ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ತಂಡವೇ ಮೈದಾನ ಬಿಟ್ಟು ಹೊರಟಿತು. 4 ಕೋಟಿ ರೂಪಾಯಿ ದಂಡ ಬಿತ್ತು. 2024ರ ಯೂರೋದಲ್ಲಿ ಕ್ಯಾಪ್ಟನ್ ಒಬ್ಬರೇ ರೆಫ್ರಿ ಹತ್ತಿರ ಬಂದು ಕೇಳಬಹುದು ಅಂತ ಮಾಡಿದರು. ಮೈಸೂರು, ಮಂಡ್ಯದ ಟೂರ್ನಮೆಂಟ್ ನಡೆಸುವವರು ಇದನ್ನು ಈ ಸೀಸನ್‌ನಲ್ಲೇ ಶುರು ಮಾಡಬಹುದು, ಖರ್ಚೇನೂ ಇಲ್ಲ. ಗೋಲ್‌ಕೀಪರ್ ಕ್ಯಾಪ್ಟನ್ ಆಗಿದ್ದರೆ ಅವನು ಅಲ್ಲಿಂದ ಓಡಿ ಬರುವುದು ಬೇಡ, ಇನ್ನೊಬ್ಬ ಆಟಗಾರನ ಹೆಸರನ್ನು ಟಾಸ್ ಹೊತ್ತಿಗೇ ಕೊಟ್ಟರೆ ಆಯಿತು.